ಕಾಲು ಬಾತರೆ ಎಣ್ಣೆ ನೀವಬೇಡಿ

ಹಾಲಿಗೆ ಹೆಪ್ಪು ಹಾಕುವುದು ರಾಯದುರ್ಗದ ಸುತ್ತಿನ ನಮ್ಮ ಹಳ್ಳಿಗಳ ಮನೆಮನೆಯ ಕೆಲಸ. ರಕ್ತವೂ ಹೆಪ್ಪುಗಟ್ಟುತ್ತದೆ. ಕುಡುಗೋಲು ತಗುಲಿದ ಗಾಯದ ಮೇಲೆ ಕಟ್ಟಿದರೆ ಜೀವ ಉಳೀತದೆ, ನಾವು ನರ ಅನ್ನುವ ರಕ್ತನಾಳದೊಳಗೆ ಕಟ್ಟಿದರೆ ಜೀವಕ್ಕೇ ಕುತ್ತು. ತೆಲುಗಿನಲ್ಲಿ 'ಗಡ್ಡ ಕಟ್ಟಿಂದಿ' ಅಂತೇವೆ. ಹೀಗಂದು ಬಳ್ಳಾರಿ ಕಡೆಯ ನರ್ಸಮ್ಮನನ್ನು ನಗಿಸಿದವರೂ ಉಂಟು. ಆಕೆಗೆ ಗಡ್ಡ ಅಂದರೆ ಗಲ್ಲದ ಮೇಲಿನದು!

ನನ್ನ ಭಾವಮೈದ ಗಾಡಿಯಿಂದ ಬಿದ್ದು ತೊಡೆಮೂಳೆ ಮುರಿದುಕೊಂಡ. ಆಪರೇಷನ್ ಚೆನ್ನಾಗೇ ಆಯ್ತು. ಊರಿಗೆ ಕರೆತಂದು 'ಅಲ್ಲಾಡಬೇಡಪ್ಪಾ' ಅಂತ ಮಂಚದಲ್ಲೇ ಮಲಗಿಸಿದೆವು. ಎರಡು ವಾರಕ್ಕೆ ಒಂದೇ ಕಾಲಿನ ಮೀನಖಂಡ ಬಾತು ಬಿಸಿಯಾಯಿತು. ವಾಯು ಅಂದುಕೊಂಡು ಹರಳೆಣ್ಣೆ ಹಚ್ಚಿ ನೀವಿದವನು ನಾನೇ. ಮೂರನೇ ದಿನ ಬೆಳಿಗ್ಗೆ ಎದ್ದು ನಿಂತವನು ಉಸಿರು ಸಿಗದೆ ಕುಸಿದ. ಜೀಪು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕಾಲಿನ ಒಳನಾಳದ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಸಿಕ್ಕಿಕೊಂಡಿರಬೇಕು ಎಂದು ಆಮೇಲೆ ಡಾಕ್ಟರೊಬ್ಬರು ಬಿಡಿಸಿ ಹೇಳಿದರು.

ಈ ದಾರಿಯನ್ನು 19ನೇ ಶತಮಾನದ ನಡುವಿನಲ್ಲೇ ತೋರಿಸಿದವನು ಜರ್ಮನಿಯ ವೈದ್ಯ ರುಡಾಲ್ಫ್ ವಿರ್ಕೋ. ರಕ್ತದ ಹರಿವು ನಿಧಾನವಾಗುವುದು, ನಾಳಕ್ಕೆ ಪೆಟ್ಟಾಗುವುದು, ರಕ್ತಕ್ಕೇ ಕಟ್ಟುವ ಗುಣ ಹೆಚ್ಚುವುದು, ಈ ಮೂರು ಕಾರಣಗಳಿಗೆ ಅವನ ಹೆಸರೇ ನಿಂತಿದೆ. ನಮ್ಮವನಿಗೆ ಮೂರೂ ಕೂಡಿಬಂದಿದ್ದವು. ಅವನು ಹುಟ್ಟಿದ ಅಕ್ಟೋಬರ್ 13 ಈಗ, 2014ರಿಂದ, ವಿಶ್ವ ಥ್ರಾಂಬೋಸಿಸ್ ದಿನ. ಹೃದಯಾಘಾತ, ಮೆದುಳಿನ ಲಕ್ವ, ಈ ಕಾಲು-ಶ್ವಾಸಕೋಶದ ಹೆಪ್ಪು ಎಲ್ಲ ಸೇರಿಸಿದರೆ ಲೋಕದ ನಾಲ್ಕು ಸಾವಿನಲ್ಲಿ ಒಂದು ಇದರದ್ದೇ ಎಂದು ಬಲ್ಲವರ ಅಂದಾಜು.

ಇದರ ಔಷಧ ಹುಟ್ಟಿದ್ದು ಮಾತ್ರ ದನದ ಕೊಟ್ಟಿಗೆಯಲ್ಲಿ ಅಂದರೆ ರೈತರು ನಂಬಬೇಕು. 1920ರ ದಶಕದಲ್ಲಿ ಕೆನಡಾ, ಅಮೆರಿಕದ ಕಡೆ ಬೂಸ್ಟು ಹಿಡಿದ ಒಣಮೇವು ತಿಂದ ದನಗಳು ರಕ್ತ ನಿಲ್ಲದೆ ಸಾಯತೊಡಗಿದವು. 1933ರಲ್ಲಿ ವಿಸ್ಕಾನ್ಸಿನ್‌ನ ರೈತನೊಬ್ಬ ಸತ್ತ ಕಡಸು, ಒಂದು ಕ್ಯಾನ್ ತುಂಬ ಹೆಪ್ಪುಗಟ್ಟದ ರಕ್ತ, ಒಂದಿಷ್ಟು ಮೇವು ಹೇರಿಕೊಂಡು ಹಿಮ ಸುರಿಯುವಾಗ ವಿಶ್ವವಿದ್ಯಾಲಯದ ಬಾಗಿಲಿಗೆ ಬಂದ. ಅಲ್ಲಿ ಕಾರ್ಲ್ ಲಿಂಕ್ ಎಂಬಾತ ಮೇವಿನ ವಿಷವನ್ನು ಬೇರ್ಪಡಿಸಿದ. ಅದರ ವಂಶದ ವಾರ್ಫರಿನ್ 1948ರಲ್ಲಿ ಇಲಿಪಾಷಾಣವಾಗಿ ಅಂಗಡಿಗೆ ಬಂತು, 1954ರಲ್ಲಿ ಮನುಷ್ಯರ ಮದ್ದಾಯಿತು. ಇದನ್ನು ನುಂಗುವವರು ಆಗಾಗ ರಕ್ತಪರೀಕ್ಷೆ ಮಾಡಿಸಬೇಕು. ಒಂದು ದಿನ ಕಂತೆ ಸೊಪ್ಪು, ನಾಲ್ಕು ದಿನ ಏನೂ ಇಲ್ಲ ಅಂದರೆ ಲೆಕ್ಕ ತಪ್ಪುತ್ತದೆ.

ಬಾಣಂತಿಯರಿಗೂ ಈ ಭಯ ಹೆಚ್ಚು. ನಮ್ಮ ಮುದುಕಮ್ಮಂದಿರು ಅವರಿಗೆ ನೀರು ಕೊಡದೆ ಆರಿಸಿ ಮಲಗಿಸುವುದು ಬೆಂಕಿಗೆ ತುಪ್ಪ ಸುರಿದಂತೆ. ಒಂದೇ ಕಾಲು ಬಾತರೆ, ಉಸಿರು ಸಿಕ್ಕಿ ಎದೆ ನೋವಾದರೆ, ಕೆಮ್ಮಿನಲ್ಲಿ ರಕ್ತ ಕಂಡರೆ ನೀವುತ್ತಾ ಕೂರದೆ ಅದೇ ಹೊತ್ತಿಗೆ ಆಸ್ಪತ್ರೆಗೆ ಹೊರಡಬೇಕು.

ಭಾವಮೈದನ ಡಿಸ್ಚಾರ್ಜ್ ಚೀಟಿ ಇನ್ನೂ ನನ್ನ ಟ್ರಂಕಿನಲ್ಲಿದೆ. ಎಲ್ಲ ಇಂಗ್ಲಿಷಿನಲ್ಲಿ. ಕಾಲು ಬಾತರೆ ಬನ್ನಿ ಎಂಬ ಒಂದು ಮಾತು ಅದರಲ್ಲಿ ಕನ್ನಡದಲ್ಲೂ ಇಲ್ಲ, ತೆಲುಗಿನಲ್ಲೂ ಇಲ್ಲ.