ಮೇಜಿನ ಕೆಲಸದ ಕೈಗೆ ಯಾವ ವಾಚು?

ಚೆನ್ನೈನ ಕ್ರೋಂಪೇಟೆಯಲ್ಲಿ ಲೋಕಲ್ ಟ್ರೇನ್ ಹತ್ತಿ ದಿನಾ ಆಫೀಸಿಗೆ ಹೋಗ್ತೀರಾ? ಲಕ್ಷಗಟ್ಟಲೆ ಕೊಟ್ಟು ಮೆಕ್ಯಾನಿಕಲ್ ವಾಚ್ ಕೊಳ್ಳೋ ಆಸೆ ಇದೆಯಾ? ಡಯಲ್‌ಗಿಂತ ಮೊದಲು ದಪ್ಪ ನೋಡಿ. 10 ಮಿಲಿಮೀಟರ್ ಒಳಗಿದ್ದರೆ ಅಂಗಿಯ ತೋಳಿನೊಳಗೆ ಸಲೀಸಾಗಿ ಜಾರುತ್ತೆ.

ಆದರೆ ಮೇಜಿನ ಮೇಲಿರೋ ನಿಜವಾದ ಶತ್ರು ಅಯಸ್ಕಾಂತ. ಲ್ಯಾಪ್‌ಟಾಪ್ ಸ್ಪೀಕರ್‌ನಲ್ಲಿದೆ, ಟ್ಯಾಬ್ಲೆಟ್ ಕವರ್‌ನಲ್ಲೂ ಇದೆ. ವಾಚಿನೊಳಗಿನ ಕೂದಲೆಳೆಯಂಥ ಹೇರ್‌ಸ್ಪ್ರಿಂಗ್‌ಗೆ ಅದು ತಗುಲಿದರೆ ಸುರುಳಿಗಳು ಒಂದಕ್ಕೊಂದು ಅಂಟಿ, ವಾಚು ದಿನಕ್ಕೆ ನಿಮಿಷಗಟ್ಟಲೆ ಮುಂದೆ ಓಡಬಹುದು. ಅದಕ್ಕೇ ಸಿಲಿಕಾನ್ ಹೇರ್‌ಸ್ಪ್ರಿಂಗ್ ಇದೆಯಾ ಅಂತ ಕೇಳಿ. ಒಮೇಗಾದ ಮಾಸ್ಟರ್ ಕ್ರೋನೋಮೀಟರ್‌ಗಳು 15,000 ಗಾಸ್‌ವರೆಗಿನ ಕಾಂತಕ್ಷೇತ್ರವನ್ನು ತಡೆದುಕೊಳ್ಳುತ್ತವೆ. ನನ್ನ ಪ್ರಕಾರ ದುಡ್ಡು ಹಾಕಬೇಕಾದ್ದು ಇಲ್ಲೇ.

ಆಟೋಮ್ಯಾಟಿಕ್ ವಾಚು ಕೈ ಆಡಿಸಿದಷ್ಟೇ ಸುತ್ತಿಕೊಳ್ಳೋದು. ದಿನವಿಡೀ ಕೂತೇ ಇದ್ದರೆ ಸಾಲದೆ ಹೋಗಬಹುದು. ಕೀಲಿ ಕೊಡೋ ವಾಚಿಗೆ ಆ ಚಿಂತೆ ಇಲ್ಲ, ಸಾಮಾನ್ಯವಾಗಿ ತೆಳ್ಳಗೂ ಇರುತ್ತೆ. ಬೆಂಗಳೂರಿನ ಎಚ್‌ಎಂಟಿ ಜನತಾಗೆ ನಮ್ಮ ಹಿರಿಯರು ಬೆಳಿಗ್ಗೆ ಎದ್ದು ಕೀಲಿ ಕೊಡ್ತಿದ್ದರಲ್ಲ, ಅದೇ ಅಭ್ಯಾಸ. ಎಷ್ಟು ಚೆಂದದ ಅಭ್ಯಾಸ ಅದು!

ಇನ್ನು ಪಟ್ಟಿ. ಕ್ರೋಂಪೇಟೆ ಚರ್ಮದ ಕಾರ್ಖಾನೆಯ ಸುತ್ತ ಬೆಳೆದ ಊರು, ನಿಜ. ಆದರೂ ಚೆನ್ನೈ ಬೆವರಿಗೆ ಚರ್ಮದ ಪಟ್ಟಿ ಬೇಗ ಹಾಳಾಗುತ್ತೆ. ಸ್ಟೀಲ್ ತಗೊಳ್ಳಿ. ಸೆಖೆಗೆ ಮಣಿಕಟ್ಟು ಊದುತ್ತೆ, ಹಾಗಾಗಿ ಕೊಂಡಿ ತುಸು ಸಡಿಲಿಸೋಕೆ ಬರುವಂಥದ್ದನ್ನೇ ಆರಿಸಿ.