ಒಂದಂಗುಲದ ಸಿಪಾಯಿಯ ಅಂಗಿ

ಮನುಷ್ಯನನ್ನು ಒಂದಂಗುಲದ ಎತ್ತರಕ್ಕೆ ಇಳಿಸಿ, ಅಂಗಿ, ಪೇಟ, ನಡುಪಟ್ಟಿಗಳನ್ನು ಬಣ್ಣದಿಂದಲೇ ತೊಡಿಸಿ, ಅಂಥ ನೂರಾರು ಜನರನ್ನು ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿ, ದಾಳ ಉರುಳಿಸುತ್ತ ಹಳೆಯ ಕಾಳಗವೊಂದನ್ನು ಮತ್ತೆ ಆಡುವ ಹವ್ಯಾಸವೊಂದಿದೆ. ಇಂಗ್ಲೆಂಡು, ಅಮೆರಿಕಗಳಲ್ಲಿ ಬೆಳೆದ ಗಂಡಸರೂ ಹೆಂಗಸರೂ ಇದಕ್ಕಾಗಿ ವರ್ಷಗಳನ್ನೇ ಕಳೆಯುತ್ತಾರೆ. ನಮ್ಮಲ್ಲಿ ಇದು ವಿರಳ. ನವರಾತ್ರಿಯಲ್ಲಿ ಪಟ್ಟದ ಬೊಂಬೆಗಳ ಮುಂದೆ ಸಿಪಾಯಿಗಳ ಸಾಲು ಕೂರಿಸಿದ್ದನ್ನು ಕಂಡವರು ಇದೂ ಅಂಥದೇ ಒಂದು ಸಂಭ್ರಮವೆಂದು ಭಾವಿಸಬಹುದು. ಆದರೆ ಅಲ್ಲಿ ಬೊಂಬೆ ಒಂದು ಅಲಂಕಾರ. ಇಲ್ಲಿ ಅದು ಒಂದು ಹೇಳಿಕೆ. ಇಂಥ ವರ್ಷದಲ್ಲಿ, ಇಂಥ ದಳದಲ್ಲಿ, ಸಾಮಾನ್ಯನಾದ ಸಿಪಾಯಿಯೊಬ್ಬ ಹೀಗೆ ಕಾಣುತ್ತಿದ್ದನೆಂಬ ಹೇಳಿಕೆ. ಅದರ ಹೊಣೆ ಬಣ್ಣ ಹಚ್ಚುವವನ ಮೇಲಿದೆ. ಮೈಸೂರಿನ ಹಳೆಯ ಸೈನ್ಯಕ್ಕೆ ಹೀಗೆ ಅಂಗಿ ತೊಡಿಸುತ್ತ ಬಂದವನಾಗಿ ಆ ಹೊಣೆಯ ವಿಷಯದಲ್ಲಿ ನಾಲ್ಕು ಮಾತು ಹೇಳಬಯಸುತ್ತೇನೆ.

ಆಟದ ಬೇರು ನಮಗೆ ಅಪರಿಚಿತವೇನಲ್ಲ. ಆನೆ, ಕುದುರೆ, ರಥ, ಕಾಲಾಳುಗಳ ನಮ್ಮ ಚತುರಂಗವೇ ದೇಶ ದೇಶಗಳನ್ನು ದಾಟಿ ಯುರೋಪಿನ ಚೆಸ್ ಆಯಿತಷ್ಟೆ. 1780ರಲ್ಲಿ ಜರ್ಮನಿಯ ಬ್ರೌನ್‌ಷ್ವೈಗಿನ ಹೆಲ್ವಿಗ್ ಎಂಬ ವಿದ್ವಾಂಸ ಆ ಹಾಸನ್ನೇ ಹಿಗ್ಗಿಸಿ, ಮನೆಗಳಿಗೆ ಬೆಟ್ಟ, ನೀರು, ಊರುಗಳ ಗುಣ ಕೊಟ್ಟು, ಯುದ್ಧವನ್ನು ಹೋಲುವ ಆಟವೊಂದನ್ನು ಪ್ರಕಟಿಸಿದ. 1812ರಲ್ಲಿ ಪ್ರಷ್ಯದ ರೈಸ್‌ವಿಟ್ಸ್ ಚೌಕದ ಮನೆಗಳನ್ನು ಬಿಟ್ಟು, ಏರುತಗ್ಗುಗಳುಳ್ಳ ನೆಲದ ಮಾದರಿಯ ಮೇಲೆ ಆಡುವ ಮೇಜನ್ನು ತನ್ನ ದೊರೆಗೆ ಒಪ್ಪಿಸಿದ. ಅವನ ಮಗ 1824ರಲ್ಲಿ ಅದನ್ನು ನಕ್ಷೆ ಮತ್ತು ದಾಳಗಳ ಆಟವನ್ನಾಗಿ ತಿದ್ದಿದ. ಪ್ರಷ್ಯದ ಸೇನಾಧಿಕಾರಿಗಳು ಅದರಿಂದ ಪಾಠ ಕಲಿತರು. ಅಲ್ಲಿ ದಳಗಳೆಂದರೆ ಮುಖವಿಲ್ಲದ ಚಿಕ್ಕ ತುಂಡುಗಳು. ಮುಖವುಳ್ಳ ಬೊಂಬೆಗಳನ್ನೇ ಆಳುಗಳಾಗಿಸಿ, ಸಾಮಾನ್ಯರು ಮನೆಯ ನೆಲದ ಮೇಲೆ ಆಡಬಹುದಾದ ನಿಯಮಗಳನ್ನು ಬರೆದು ಹರಡಿದವನು ಕಾದಂಬರಿಕಾರ ಎಚ್. ಜಿ. ವೆಲ್ಸ್. ಅವನ 'ಲಿಟಲ್ ವಾರ್ಸ್' ಹೊರಬಂದದ್ದು 1913ರಲ್ಲಿ. ಅವನ ಬೊಂಬೆಗಳು ಅಂಗಡಿಯಿಂದ ಬಣ್ಣ ಹಚ್ಚಿಸಿಕೊಂಡೇ ಬರುತ್ತಿದ್ದವು. 1962ರಲ್ಲಿ ಡೊನಾಲ್ಡ್ ಫೆದರ್‌ಸ್ಟೋನ್ ಬರೆದ 'ವಾರ್ ಗೇಮ್ಸ್' ಎಂಬ ಪುಸ್ತಕ ಈ ಹವ್ಯಾಸವನ್ನು ಹೊಸ ತಲೆಮಾರಿಗೆ ಮುಟ್ಟಿಸಿತು. ಇಂದಿನ ಆಟಗಾರನ ಕೈಗೆ ಬರುವುದು ಹೆಚ್ಚಾಗಿ ಬಣ್ಣವಿಲ್ಲದ ಬೊಂಬೆ. ಹೀಗಾಗಿ ಅವನು ಸೇನಾಪತಿಯಾಗುವ ಮೊದಲು ದರ್ಜಿಯಾಗಬೇಕು, ಬಣ್ಣಗಾರನಾಗಬೇಕು.

ಕೆಲಸದ ಕ್ರಮ ಹೀಗಿದೆ. ಇಂದು ಹೆಚ್ಚು ಬಳಕೆಯಲ್ಲಿರುವ ಒಂದು ಅಳತೆ 28 ಮಿಲಿಮೀಟರಿನದು. ಆಳನ್ನು ಸುಮಾರು 60ರಲ್ಲೊಂದು ಪಾಲಿಗೆ ಇಳಿಸಿದಂತೆ. ಬೊಂಬೆ ಅಚ್ಚಿನಿಂದ ಬಂದಾಗ ಅದು ತವರದ ಮಿಶ್ರಲೋಹದ ಒಂದು ಬೂದು ತುಣುಕು. ಅಚ್ಚಿನ ಎರಡು ಹೋಳುಗಳು ಕೂಡಿದ ಕಡೆ ಸಣ್ಣದೊಂದು ಏಣು ಉಳಿದಿರುತ್ತದೆ. ಅದನ್ನು ಅರದಿಂದ ಉಜ್ಜಿ ತೆಗೆಯಬೇಕು. ಸೋಪಿನ ನೀರಿನಲ್ಲಿ ತೊಳೆದು ಜಿಡ್ಡು ಕಳೆಯಬೇಕು. ಬಣ್ಣ ಕಚ್ಚಿಕೊಳ್ಳಲೆಂದು ಪ್ರೈಮರಿನ ತೆಳುವಾದ ಲೇಪವೊಂದನ್ನು ಕೊಟ್ಟು ಒಣಗಿಸಬೇಕು. ಆ ಲೇಪ ಕಪ್ಪಾಗಿದ್ದರೆ ನೆರಳುಗಳು ತಾವಾಗಿಯೇ ಒದಗುತ್ತವೆ, ಆದರೆ ಕೆಂಪು ಹಳದಿಗಳು ಮಂಕಾಗುತ್ತವೆ. ಬಿಳಿಯಾಗಿದ್ದರೆ ಬಣ್ಣ ಹೊಳೆಯುತ್ತದೆ, ಆದರೆ ಕುಂಚ ತಪ್ಪಿದ ಪ್ರತಿಯೊಂದು ಎಡೆಯೂ ಎದ್ದು ಕಾಣುತ್ತದೆ. ಆಮೇಲೆ ಮೈ, ಅಂಗಿ, ಪೇಟ, ಕೋವಿ, ಹೀಗೆ ಒಳಗಿನಿಂದ ಹೊರಕ್ಕೆ, ಮನುಷ್ಯ ಉಡುಪು ತೊಡುವ ಕ್ರಮದಲ್ಲಿಯೇ ಬಣ್ಣ ತುಂಬಬೇಕು.

ಇಲ್ಲಿ ಸ್ವಾರಸ್ಯದ ಸಂಗತಿಯೊಂದಿದೆ. ಮನುಷ್ಯನನ್ನು ಕಿರಿದಾಗಿಸಬಹುದು, ಬೆಳಕನ್ನು ಕಿರಿದಾಗಿಸಲು ಬರುವುದಿಲ್ಲ. ನಮ್ಮ ಅಂಗಿಯ ತೋಳಿನ ಮಡಿಕೆ ಬೆರಳಿನ ಗಾತ್ರದ್ದು. ಅದರೊಳಗೆ ನೆರಳು ನಿಲ್ಲುತ್ತದೆ. ಬೊಂಬೆಯ ತೋಳಿನ ಮಡಿಕೆಯಾದರೋ ಕೂದಲೆಳೆಯಷ್ಟು. ಕೋಣೆಯ ದೀಪ ಅದನ್ನು ತುಂಬಿ ನೆರಳನ್ನು ಅಳಿಸಿಬಿಡುತ್ತದೆ. ಒಂದೇ ಬಣ್ಣವನ್ನು ಒಪ್ಪವಾಗಿ ಬಳಿದ ಬೊಂಬೆ ನಿರ್ಜೀವವಾಗಿ ಕಾಣುವುದು ಇದರಿಂದಲೇ. ಆದ್ದರಿಂದ ನೆರಳನ್ನೂ ಬೆಳಕನ್ನೂ ಬಣ್ಣದಿಂದಲೇ ಬರೆಯಬೇಕು. ಕಡುಬಣ್ಣವನ್ನು ನೀರಿನಂತೆ ತೆಳುಮಾಡಿ ಹರಿಯಬಿಟ್ಟರೆ ಅದು ತಗ್ಗುಗಳಲ್ಲಿ ಹೋಗಿ ನಿಲ್ಲುತ್ತದೆ. ಒಣಗಿದ ಮೇಲೆ ಭುಜ, ಮೊಣಕೈ, ಮಡಿಕೆಯ ಏಣುಗಳ ಮೇಲೆ ಮೂಲಬಣ್ಣಕ್ಕಿಂತ ತಿಳಿಯಾದ ಗೆರೆಗಳನ್ನು ಎಳೆಯಬೇಕು. ಕೊನೆಗೆ ವಾರ್ನಿಷ್ಷಿನ ರಕ್ಷಣೆ, ಕಾಲಡಿಗೆ ಮರಳು, ಅದರ ಮೇಲೆ ಹುಲ್ಲಿನ ಬಣ್ಣದ ಪುಡಿ. ನೆಲದ ಬಣ್ಣವೂ ಮುಖ್ಯವೇ. ಹಳೆಯ ಮೈಸೂರಿನ ಸಿಪಾಯಿಯನ್ನು ಇಂಗ್ಲೆಂಡಿನ ಹಸಿರು ಹುಲ್ಲಿನ ಮೇಲೆ ನಿಲ್ಲಿಸಿದರೆ ಮಿಕ್ಕ ಶ್ರಮವೆಲ್ಲ ವ್ಯರ್ಥ.

ಇಷ್ಟು ಕೈಚಳಕದ ಮಾತು. ಇದನ್ನು ಅಭ್ಯಾಸದಿಂದ ಯಾರೂ ಕಲಿಯಬಹುದು. ಕಲಿಸಲು ಬಾರದ ಕಷ್ಟ ಬೇರೆಯಿದೆ. ಇತಿಹಾಸ ಬರೆಯುವವನು ಟಿಪ್ಪು ಸುಲ್ತಾನನ ಕಾಲಾಳುಗಳು ಕೋಟೆಯ ಗೋಡೆಯ ಮೇಲೆ ನಿಂತು ಹೋರಾಡಿದರು ಎಂದು ಒಂದು ವಾಕ್ಯ ಬರೆದು ಮುಂದೆ ಸಾಗಬಹುದು. ಅವರ ಅಂಗಿಗೆ ಗುಂಡಿಗಳಿದ್ದುವೆ, ಕಾಲಲ್ಲಿ ಚಪ್ಪಲಿಯಿತ್ತೆ ಎಂದು ಯಾರೂ ಅವನನ್ನು ಕೇಳುವುದಿಲ್ಲ. ಕವಿಗೂ ಆ ಸೌಲಭ್ಯವಿದೆ. ಬಣ್ಣ ಹಚ್ಚುವವನಿಗೆ ಇಲ್ಲ. ಕಾಲನ್ನು ಖಾಲಿ ಬಿಡಲಾಗದು. ಬರಿಗಾಲೆಂದು ಬಿಟ್ಟರೆ ಅದೂ ಒಂದು ಉತ್ತರವೇ ಆಗುತ್ತದೆ. ಮೌನ ಸಾಧ್ಯವಿಲ್ಲದ ಬರವಣಿಗೆ ಇದು.

ಹಾಗಾದರೆ ಸಾಕ್ಷಿಗಳು ಎಲ್ಲಿವೆ? ದೊರೆಯ ವಸ್ತುಗಳಿಗೇನೋ ಕೊರತೆಯಿಲ್ಲ. ಟಿಪ್ಪುವಿನ ಗುಡಾರ ವೇಲ್ಸಿನ ಪೊವಿಸ್ ಕೋಟೆಯಲ್ಲಿದೆ. ಅವನ ಯಂತ್ರದ ಹುಲಿ ಲಂಡನ್ನಿನ ವಿಕ್ಟೋರಿಯ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಬಡವನ ಬಟ್ಟೆಯ ಪಾಡು ಬೇರೆ. ಅದು ಹರಿಯುವವರೆಗೂ ಮೈಮೇಲಿರುತ್ತದೆ, ಹರಿದ ಮೇಲೆ ಚಿಂದಿಯಾಗುತ್ತದೆ. ಸಿಪಾಯಿಯ ಉಡುಪಿಗೆ ಸಾಕ್ಷಿ ಹೇಳುವವರಲ್ಲಿ ಮುಖ್ಯರಾದವರು ಅವನ ಶತ್ರುಗಳು. ಅವನಿಗೆದುರಾಗಿ ನಿಂತ ಇಂಗ್ಲಿಷರ ವರ್ಣನೆಯೊಂದರಂತೆ ಅವನ ಅಂಗಿ ನೇರಳೆ ಬಣ್ಣದ ಉಣ್ಣೆಯದು. ಅದರ ಮೇಲೆ ವಜ್ರಾಕಾರದ ಬಿಳಿಯ ಚುಕ್ಕೆಗಳು. ಅದನ್ನು ಹುಲಿಯಂಗಿಯೆಂದು ಕರೆಯುತ್ತಿದ್ದರು. ತಲೆಗೆ ಕೆಂಪು ಮಸ್ಲಿನ್ನಿನ ಪೇಟ, ನಡುವಿಗೆ ಅದೇ ಬಣ್ಣದ ಪಟ್ಟಿ. ಫಿರಂಗಿ ದಳದ ಅಧಿಕಾರಿಯಾಗಿದ್ದ ಚಾರ್ಲ್ಸ್ ಗೋಲ್ಡ್ 1806ರಲ್ಲಿ ಪ್ರಕಟಿಸಿದ ಚಿತ್ರಸಂಪುಟದಲ್ಲಿ ಟಿಪ್ಪುವಿನ ಸಿಪಾಯಿಯ ಚಿತ್ರವೊಂದಿದೆ. ಮೂರನೆಯ ಮೈಸೂರು ಯುದ್ಧದ ಕಾಲದಲ್ಲಿ ಇಲ್ಲಿಗೆ ಬಂದ ರಾಬರ್ಟ್ ಹೋಮ್ ಎಂಬ ಚಿತ್ರಕಾರನೂ ಮೈಸೂರಿನ ಆಳುಗಳನ್ನು ಬರೆದಿದ್ದಾನೆ.

ನೇರಳೆ ಎಂದರೆ ಯಾವ ನೇರಳೆ? ಹಣ್ಣಿನದೋ, ಬದನೆಯದೋ, ಒಗೆದು ಒಗೆದು ಬೂದಿಗೆ ತಿರುಗಿದ್ದೋ? ಅಂದಿನ ಬಣ್ಣಗಳು ಬೇರು, ಎಲೆ, ಕೀಟಗಳಿಂದ ಬಂದವು. ಬಿಸಿಲು ಮಳೆಗಳಿಗೆ ಒಂದೊಂದು ಒಂದೊಂದು ರೀತಿ ಸೋಲುತ್ತಿದ್ದವು. ಎದುರಾಳಿಯಾದ ಇಂಗ್ಲಿಷರ ಕೆಂಪಂಗಿಯೂ ಒಂದೇ ಕೆಂಪಲ್ಲ. ಸಾಮಾನ್ಯ ಸಿಪಾಯಿಯದು ನಮ್ಮ ಮಂಜಿಷ್ಠದ ಜಾತಿಯ ಬೇರಿನಿಂದ ಬಂದ ಮಂಕು ಕೆಂಪು. ಅಧಿಕಾರಿಯದು ಕೊಚಿನೀಲ್ ಎಂಬ ಕೀಟದಿಂದ ಬಂದ ಉಜ್ವಲವಾದ ಕೆಂಪು. ಅಂತಸ್ತಿನ ಭೇದ ಬಣ್ಣದ ಬೆಲೆಯಲ್ಲಿಯೇ ಇತ್ತು. ನಾನು ಮೈಸೂರಿನ ದಳವೊಂದಕ್ಕೆ ಮೂರು ನಾಲ್ಕು ಬಗೆಯ ನೇರಳೆಯನ್ನು ಕಲಸಿಕೊಳ್ಳುತ್ತೇನೆ. ಮೈಬಣ್ಣವನ್ನೂ ನಾನೇ ಕಲಸಬೇಕು. ಪರದೇಶದ ಬಣ್ಣದ ಡಬ್ಬಿಯ ಮೇಲೆ ಬರಿದೇ 'ಮೈಬಣ್ಣ' ಎಂದು ಬರೆದಿದ್ದರೆ ಅದು ಸಾಮಾನ್ಯವಾಗಿ ಯುರೋಪಿಯನ್ನರ ಮೈಬಣ್ಣ. ಕಂದಿಗೆ ಕೊಂಚ ಕೆಂಪು, ಕೊಂಚ ಹಳದಿ ಬೆರೆಸಿ, ಒಬ್ಬನಂತೆ ಇನ್ನೊಬ್ಬನಿರದ ಹಾಗೆ ನಮ್ಮವರ ಮುಖಗಳನ್ನು ಮಾಡಬೇಕು.

ನಮ್ಮವರೇ ಬರೆದ ಸಾಕ್ಷಿಯೊಂದು ಶ್ರೀರಂಗಪಟ್ಟಣದಲ್ಲಿಯೇ ಇದೆಯಲ್ಲ ಎಂದು ತಾವು ಕೇಳಬಹುದು. 1784ರ ದರಿಯಾ ದೌಲತ್ ಅರಮನೆಯ ಗೋಡೆಯ ಮೇಲೆ ಪೊಲ್ಲಿಲೂರಿನ ಕಾಳಗದ ದೊಡ್ಡ ಚಿತ್ರವಿದೆ. 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಬಳಿ ಹೈದರ್ ಮತ್ತು ಟಿಪ್ಪು ಕರ್ನಲ್ ಬೇಲಿಯ ಪಡೆಯನ್ನು ನಿರ್ಮೂಲ ಮಾಡಿದ ಪ್ರಸಂಗ ಅದು. ಪಲ್ಲಕ್ಕಿಯಲ್ಲಿ ಗಾಯಗೊಂಡ ಬೇಲಿ, ಸುತ್ತ ಕಂಪನಿಯ ಆಳುಗಳ ವ್ಯೂಹ, ಸಿಡಿಯುತ್ತಿರುವ ಮದ್ದಿನ ಬಂಡಿ, ಸಾಲು ಸಾಲು ಮೈಸೂರಿನ ಸೈನ್ಯ. ಬಣ್ಣ ಹಚ್ಚುವವನಿಗೆ ಇದಕ್ಕಿಂತ ದೊಡ್ಡ ನಿಧಿಯುಂಟೆ?

ಆದರೆ ಗೋಡೆಗೂ ಒಂದು ಚರಿತ್ರೆಯಿದೆ. 1799ರ ಮುತ್ತಿಗೆಗೆ ಮೊದಲೇ ಆ ಚಿತ್ರ ಕೆಟ್ಟಿತ್ತು. ಕೋಟೆ ಬಿದ್ದ ಮೇಲೆ ಅರಮನೆಯಲ್ಲಿ ವಾಸಕ್ಕೆ ಬಂದ ಕರ್ನಲ್ ಆರ್ಥರ್ ವೆಲ್ಲೆಸ್ಲಿ, ತನ್ನ ಪಕ್ಷದ ಸೋಲನ್ನೇ ಸಾರುವ ಆ ಚಿತ್ರವನ್ನು ಸರಿಪಡಿಸಿದ. ಮತ್ತೆ ಅದು ಸುಣ್ಣದಡಿ ಮಾಸಿಹೋಯಿತು. 1855ರಲ್ಲಿ ಡಾಲ್‌ಹೌಸಿಯ ಅಪ್ಪಣೆಯಂತೆ, ಮೂಲವನ್ನು ನೆನಪಿಟ್ಟುಕೊಂಡಿದ್ದ ಇಲ್ಲಿಯ ಚಿತ್ರಗಾರನೊಬ್ಬ ಅದನ್ನು ಪುನಃ ಬರೆದ. ಎಂದಮೇಲೆ ಇಂದು ನಾವು ನೋಡುವ ಅಂಗಿಯ ಬಣ್ಣ 1780ರ ರಣರಂಗದ್ದೋ, 1784ರ ಚಿತ್ರಶಾಲೆಯದೋ, ಮುದುಕನೊಬ್ಬನ ನೆನಪಿನದೋ? ಗೋಡೆಯೂ ನನ್ನ ಬೊಂಬೆಯಂತೆಯೇ ಬಣ್ಣ ಹಚ್ಚಿಸಿಕೊಂಡದ್ದು.

ಇದೇ ವೆಲ್ಲೆಸ್ಲಿ ಮುಂದೆ ವೆಲಿಂಗ್ಟನ್ ಡ್ಯೂಕನಾಗಿ 1815ರಲ್ಲಿ ವಾಟರ್‌ಲೂ ಕಾಳಗವನ್ನು ಗೆದ್ದ. ಆ ಕಾಳಗದ ಮಾದರಿಯೊಂದನ್ನು ವಿಲಿಯಂ ಸೈಬೋರ್ನ್ ಎಂಬ ಸೇನಾಧಿಕಾರಿ ಕಟ್ಟತೊಡಗಿದ. ತಿಂಗಳುಗಟ್ಟಲೆ ಅದೇ ಬಯಲಿನಲ್ಲಿದ್ದು ನೆಲವನ್ನಳೆದ; ಬದುಕುಳಿದ ಅಧಿಕಾರಿಗಳಿಗೆ ಕಾಗದ ಬರೆದು, ಸಂಜೆ ಏಳು ಗಂಟೆಗೆ ನಿಮ್ಮ ದಳ ಎಲ್ಲಿತ್ತು, ಹೊಲದಲ್ಲಿ ಯಾವ ಬೆಳೆಯಿತ್ತು ಎಂದು ವಿಚಾರಿಸಿದ. 1838ರಲ್ಲಿ ಪ್ರದರ್ಶನಕ್ಕೆ ಬಂದ ಆ ಮಾದರಿಯಲ್ಲಿ 70,000ಕ್ಕೂ ಹೆಚ್ಚು ಪುಟ್ಟ ಆಳುಗಳಿದ್ದರು. ಅದು ಈಗಲೂ ಲಂಡನ್ನಿನ ರಾಷ್ಟ್ರೀಯ ಸೇನಾ ವಸ್ತುಸಂಗ್ರಹಾಲಯದಲ್ಲಿದೆ. ಆದರೆ ಆ ಗಳಿಗೆಯಲ್ಲಿ ಪ್ರಷ್ಯನ್ನರು ಅಷ್ಟು ಮುಂದೆ ಬಂದಿದ್ದರೆಂದು ತೋರಿಸಿದ್ದು ಡ್ಯೂಕನಿಗೆ ಒಪ್ಪಿಗೆಯಾಗಲಿಲ್ಲ. ಗೆಲುವು ಯಾರದೆಂಬ ಪ್ರಶ್ನೆ ಅಲ್ಲಿತ್ತು. ಕಡೆಗೆ ಸೈಬೋರ್ನ್ ಹಲವು ಪ್ರಷ್ಯನ್ ಬೊಂಬೆಗಳನ್ನು ತೆಗೆಯಬೇಕಾಯಿತು. ಶ್ರೀರಂಗಪಟ್ಟಣದಲ್ಲಿ ಶತ್ರುವಿನ ಚಿತ್ರವನ್ನು ಉಳಿಸಿದವನು ತನ್ನ ಕೀರ್ತಿಯ ವಿಷಯಕ್ಕೆ ಬಂದಾಗ ಬೆರಳುಗುರಿನಷ್ಟಿರುವ ಬೊಂಬೆಗಳನ್ನು ಸಹಿಸದಾದ. ಬೊಂಬೆಯನ್ನು ಆಟದ ಸಾಮಾನೆಂದು ತಳ್ಳಿಹಾಕುವವರು ಇದನ್ನು ನೆನೆಯಬೇಕು.

ಹೀಗಿರುವಾಗ ಪ್ರಾಮಾಣಿಕತೆಗೆ ದಾರಿ ಯಾವುದು? ನಾನು ಅನುಸರಿಸುವ ಕ್ರಮ ಸರಳವಾದದ್ದು. ದಳದ ಪೀಠದ ಅಡಿಯಲ್ಲಿ ಒಂದು ಚೀಟಿ ಅಂಟಿಸುತ್ತೇನೆ. ಅದರಲ್ಲಿ ಎರಡು ಸಾಲು: ಇಷ್ಟು ಸಾಕ್ಷಿಯಿಂದ ತಿಳಿದದ್ದು, ಇಷ್ಟು ನಾನು ಊಹಿಸಿದ್ದು. ಅಂಗಿಯ ನೇರಳೆ, ಪೇಟದ ಕೆಂಪು ಮೊದಲ ಸಾಲಿಗೆ. ನೇರಳೆಯ ಛಾಯೆ, ಕಾಲಿನ ಧೂಳು, ಮುಖದ ಭಾವ ಎರಡನೆಯ ಸಾಲಿಗೆ. ಮೇಜಿನ ಮೇಲೆ ನಿಂತಾಗ ಚೀಟಿ ಕಾಣುವುದಿಲ್ಲ. ಎತ್ತಿ ನೋಡುವವನಿಗೆ ಕಾಣುತ್ತದೆ, ಅಷ್ಟು ಸಾಕು.

ಇನ್ನೊಂದು ಆಕ್ಷೇಪಣೆ ಇದಕ್ಕಿಂತ ತೂಕದ್ದು. ಮನುಷ್ಯರು ಸತ್ತ ಸಂಗತಿಯನ್ನು ಆಟವಾಗಿಸುವುದು ತರವೆ? ಸಣ್ಣ ಯುದ್ಧವನ್ನು ಆಡಿದವನಿಗೆ ದೊಡ್ಡ ಯುದ್ಧದ ಮೌಢ್ಯ ಅರ್ಥವಾದೀತೆಂದು ವೆಲ್ಸ್ ವಾದಿಸಿದ್ದ. ಅವನ ಪುಸ್ತಕ ಬಂದ ಮರುವರ್ಷವೇ ಮಹಾಯುದ್ಧ ಸಿಡಿಯಿತು. ಆಟ ಯಾವ ಯುದ್ಧವನ್ನೂ ತಡೆದಿಲ್ಲ. ಆ ಭ್ರಮೆ ನನಗಿಲ್ಲ. ಆಡುವಾಗ ಮರೆವು ಸುಲಭವೆಂಬುದನ್ನೂ ಒಪ್ಪುತ್ತೇನೆ. ಒಂದು ಬೊಂಬೆ 20 ಜನರಿಗೆ ಸಮವೆಂದು ಲೆಕ್ಕವಿಟ್ಟರೆ, ದಾಳದ ಒಂದು ಉರುಳಿಗೆ ಎತ್ತಿ ಪೆಟ್ಟಿಗೆಗೆ ಹಾಕಿದ್ದು 20 ಜನರನ್ನು.

ಆದರೆ ಬಣ್ಣ ಹಚ್ಚುವ ಕೆಲಸ ಆ ಮರೆವಿಗೆ ಎದುರಾಗಿ ನಡೆಯುತ್ತದೆ. ಒಂದು ಲೆಕ್ಕ ಹೇಳುತ್ತೇನೆ. 60ರಲ್ಲೊಂದು ಪಾಲಿನ ಬೊಂಬೆಯನ್ನು ಒಂದು ಮೀಟರು ದೂರದಿಂದ ನೋಡಿದರೆ, ನಿಜವಾದ ಮನುಷ್ಯನನ್ನು 60 ಮೀಟರು ದೂರದಿಂದ ನೋಡಿದಷ್ಟು ಆಗುತ್ತದೆ. ಆ ಕಾಲದ ಕೋವಿ ನೆಚ್ಚಿಕೆಯಿಂದ ಕೊಲ್ಲುತ್ತಿದ್ದುದು ಸುಮಾರಾಗಿ ಅಷ್ಟೇ ದೂರದಲ್ಲಿ. ಎಂದರೆ ಆಟಗಾರ ತನ್ನ ಮೇಜಿನಂಚಿನಲ್ಲಿ ನಿಂತು ನೋಡುವುದು ಗುಂಡು ಹಾರಿಸುವವನ ನೋಟವನ್ನು: ಅಂಗಿ ಕಾಣುತ್ತದೆ, ಪೇಟ ಕಾಣುತ್ತದೆ, ಕಣ್ಣು ಕಾಣುವುದಿಲ್ಲ. ಆ ದೂರದಿಂದ ಬಣ್ಣವೇ ಮನುಷ್ಯ. ನೇರಳೆಯಾದರೆ ಒಬ್ಬ, ಕೆಂಪಾದರೆ ಇನ್ನೊಬ್ಬ. ಈ ಕಾರಣದಿಂದಲೇ ಆಟದ ಬೊಂಬೆಗೆ ಕಣ್ಣು ಬರೆಯುವುದು ದಂಡವೆಂದು ಅನೇಕ ನುರಿತವರು ಬಿಟ್ಟುಬಿಡುತ್ತಾರೆ. ಅವರ ಲೆಕ್ಕ ಸರಿಯಾಗಿಯೇ ಇದೆ.

ಆದರೂ ನಾನು ಬರೆಯುತ್ತೇನೆ. ಬಣ್ಣ ಹಚ್ಚುವವನು ನೋಡುವುದು ಒಂದು ಗೇಣು ದೂರದಿಂದ. ಎಂದರೆ ಬೀದಿಯ ಆಚೆ ಬದಿಯಲ್ಲಿ ನಿಂತ ನೆರೆಯವನನ್ನು ನೋಡುವಷ್ಟು ದೂರದಿಂದ. ಕುಂಚದ ತುದಿಯಲ್ಲಿ ಒಂದು ಕಪ್ಪು ಗೆರೆ, ಅದರೊಳಗೆ ಎರಡು ಬಿಳಿಯ ಚುಕ್ಕೆ, ನಡುವೆ ಒಂದು ಕಪ್ಪು. ಉಸಿರು ಬಿಗಿಹಿಡಿದು ಒಬ್ಬೊಬ್ಬನಿಗೂ ಹೀಗೆ ಬರೆಯಬೇಕು. ಶ್ರೀರಂಗಪಟ್ಟಣದ ಗೋಡೆಯ ಮೇಲೆ 1799ರ ಮೇ 4ರಂದು ಮಡಿದ ಕಾಲಾಳುಗಳಲ್ಲಿ ಹೆಸರು ಉಳಿದವರೆಷ್ಟು ಮಂದಿ? ಅವರ ಅಂಗಿಯನ್ನು ಅವರ ಶತ್ರುಗಳು ಬರೆದಿಟ್ಟರು. ಮುಖವನ್ನು ಯಾರೂ ಬರೆಯಲಿಲ್ಲ. ಆ ಮುಖವನ್ನು ಮರಳಿ ಕೊಡುವ ಶಕ್ತಿ ನನ್ನ ಕುಂಚಕ್ಕಿಲ್ಲ. ಅಲ್ಲಿ ಮುಖವೊಂದಿತ್ತು ಎಂಬುದನ್ನು ಅದು ಗುರುತಿಸಬಲ್ಲುದು. ಚೀಟಿಯ ಎರಡನೆಯ ಸಾಲಿನಲ್ಲಿ, ಊಹೆಯ ಪಟ್ಟಿಯಲ್ಲಿ, ನಾನು ಯಾವಾಗಲೂ ಕಡೆಗೆ ಬರೆಯುವ ಮಾತು 'ಕಣ್ಣು' ಎಂಬುದು.