ಬೂದಿ, ದಿಬ್ಬ ಮತ್ತು ಬೆರಕೆ: ಕೋಲಾರದ ಗಣಿತ್ಯಾಜ್ಯವನ್ನು ಕಾಯಿಸುವ ಬಗೆ

ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆ ತನ್ನ ಹೆಸರಿನಲ್ಲಿಯೇ ಬೂದಿಯನ್ನು ಹೊತ್ತ ಊರು. ಅದೇ ಸೀಮೆಯ ಕೋಲಾರ ಚಿನ್ನದ ಗಣಿ ಪ್ರದೇಶದಲ್ಲಿ ಬೂದಿಬಣ್ಣದ ಗುಡ್ಡಗಳೇ ಎದ್ದು ನಿಂತಿವೆ. ಜನರ ಬಾಯಲ್ಲಿ ಇವು ‘ಸೈನೈಡ್ ದಿಬ್ಬ’ಗಳು. ಅದಿರನ್ನು ಹಿಟ್ಟಿನಂತೆ ಅರೆದು, ಸೈನೈಡ್ ದ್ರಾವಣದಿಂದ ಚಿನ್ನ ತೆಗೆದ ಬಳಿಕ ಉಳಿದ ಪುಡಿ ಇದು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದರೂ ಸುಮಾರು 3.3 ಕೋಟಿ ಟನ್ ತ್ಯಾಜ್ಯ ಅಲ್ಲಿಯೇ ಉಳಿಯಿತು. ಗಾಳಿ ಬೀಸಿದಾಗ ಅದರ ದೂಳು ಕಾರ್ಮಿಕರ ವಸತಿಗಳನ್ನು ಮುಸುಕುತ್ತದೆ.

ಇಂತಹ ಖನಿಜತ್ಯಾಜ್ಯದಲ್ಲಿ ಅಳಿದುಳಿದ ಲೋಹವನ್ನು ಬಿಡಿಸಲು, ಅಥವಾ ಪುಡಿಯನ್ನು ಬೆಸೆದು ಇಟ್ಟಿಗೆಯಾಗಿಸಲು ಶಾಖ ಬೇಕು. ಕುಲುಮೆಯ ಶಾಖ ಹೊರಗಿನಿಂದ ಒಳಕ್ಕೆ ಇಳಿಯುತ್ತದೆ; ಮೈಕ್ರೋವೇವ್ ತರಂಗವು ವಸ್ತುವಿನ ಒಳಗೇ ಶಾಖವಾಗಿ ಮಾರ್ಪಡುತ್ತದೆ. ಆದರೆ ಗಣಿತ್ಯಾಜ್ಯದ ಬಹುಪಾಲು ಬೆಣಚುಕಲ್ಲು ಮತ್ತು ಸಿಲಿಕೇಟು. ಬೆಣಚು ಈ ತರಂಗವನ್ನು ಹೀರದೆ ಹಾಯಗೊಡುತ್ತದೆ. ಆದುದರಿಂದ ತರಂಗವನ್ನು ಹೀರಬಲ್ಲ ಇದ್ದಿಲಪುಡಿ, ಮ್ಯಾಗ್ನೆಟೈಟ್ ಅಥವಾ ಸಿಲಿಕಾನ್ ಕಾರ್ಬೈಡನ್ನು ಬೆರೆಸಲಾಗುತ್ತದೆ. ಮೊದಲು ಬೆರಕೆಯ ಕಣ ಕಾಯುತ್ತದೆ. ಅದರಿಂದ ಸುತ್ತಲಿನ ಕಲ್ಲಿನ ಕಣ ಕಾಯುತ್ತದೆ.

ಬೆರಕೆಯ ಈ ತತ್ವ ದೇಸಿ ಕಸುಬುಗಳಿಗೆ ಹೊಸದಲ್ಲ. ಇಟ್ಟಿಗೆ ಸುಡುವವರು ಮಣ್ಣಿಗೆ ಹೊಟ್ಟು ಕಲಸುತ್ತಾರೆ. ಗೂಡಿನಲ್ಲಿ ಆ ಹೊಟ್ಟು ಉರಿದು ಇಟ್ಟಿಗೆಯ ಒಡಲಿನೊಳಗಿಂದಲೂ ಕಾವು ಹುಟ್ಟುತ್ತದೆ. ಅಕ್ಕಸಾಲಿಗನು ಹಾಕುವ ಬಿಳಿಗಾರದ ಕೆಲಸ ಬೇರೆ: ಅದು ಶಾಖವನ್ನು ಹುಟ್ಟಿಸದು, ಕಲ್ಮಷವನ್ನು ಕರಗಿಸಿ ಬೇರ್ಪಡಿಸುತ್ತದೆ. ಮೈಕ್ರೋವೇವ್ ಬೆರಕೆಯು ಹೊಟ್ಟಿನ ಜಾತಿಗೆ ಸೇರಿದ್ದು. ಆದರೆ ಅದು ಉರಿಯಲೇಬೇಕೆಂದಿಲ್ಲ, ತರಂಗವನ್ನು ಹೀರಿದರೆ ಸಾಕು.

ಬೆರಕೆಯ ಆಯ್ಕೆಯಲ್ಲಿ ವಿವೇಚನೆ ಅಗತ್ಯ. ಇದ್ದಿಲು ಅಗ್ಗ, ಲೋಹದ ಆಕ್ಸೈಡಿನಿಂದ ಆಮ್ಲಜನಕವನ್ನೂ ಕೀಳುತ್ತದೆ; ಆದರೆ ಗಾಳಿಯಲ್ಲಿ ಉರಿದು ಮುಗಿಯುತ್ತದೆ. ಮ್ಯಾಗ್ನೆಟೈಟನ್ನು ಅಯಸ್ಕಾಂತದಿಂದ ಮರಳಿ ಪಡೆಯಬಹುದು. ಆದರೆ ಸುಮಾರು 585 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಅದರ ಕಾಂತಗುಣ ಅಳಿದು, ಹೀರುವ ಬಗೆಯೂ ಬದಲಾಗುತ್ತದೆ. ಸಿಲಿಕಾನ್ ಕಾರ್ಬೈಡ್ ತೀವ್ರ ಶಾಖವನ್ನು ತಾಳುತ್ತದೆ, ಆದರೆ ದುಬಾರಿ. ಬೆರಕೆ ಸಮನಾಗಿ ಹರಡದಿದ್ದರೆ ಒಂದೆಡೆ ಕರಗಿ, ಇನ್ನೊಂದೆಡೆ ಹಸಿಯಾಗಿಯೇ ಉಳಿಯುತ್ತದೆ. ಆರ್ಸೆನಿಕ್ ಇರುವ ಸಲ್ಫೈಡ್ ಖನಿಜ ಕಾದಾಗ ವಿಷಾನಿಲ ಹೊಮ್ಮುವುದರಿಂದ ಹೊಗೆಯನ್ನು ಹಿಡಿಯುವ ಏರ್ಪಾಡು ಅನಿವಾರ್ಯ.

ಸೈನೈಡ್ ಕೂಡ ಒಂದು ಕಾಲದಲ್ಲಿ ಚಿನ್ನವನ್ನು ಬಿಡಿಸಲು ಬಂದ ಬೆರಕೆಯೇ. ಚಿನ್ನ ಹೊರಗೆ ಹೋಯಿತು, ದಿಬ್ಬಗಳ ಹೆಸರಿನಲ್ಲಿ ಅದು ಊರಿನಲ್ಲಿಯೇ ಉಳಿಯಿತು. ಆದ್ದರಿಂದ ಹೊಸ ಬೆರಕೆಯನ್ನು ಅದು ಹುಟ್ಟಿಸುವ ಶಾಖದಿಂದಷ್ಟೇ ಅಲ್ಲ, ಕೊನೆಗೆ ಉಳಿಸಿ ಹೋಗುವ ಶೇಷದಿಂದಲೂ ಅಳೆಯಬೇಕಾಗುತ್ತದೆ.